ಸದಾಶಿವಯ್ಯನವರ ಸಹಿ

ಗುಬ್ಬಿಯ ಬಸ್ ಸ್ಟ್ಯಾಂಡಿಗೆ ಎದುರಾಗಿ, ಗುಂಡಯ್ಯನ ಹೋಟೆಲಿಗೂ ಒಂದು ಬೀಜದಂಗಡಿಗೂ ನಡುವೆ ಇರುಕಿಕೊಂಡಂತೆ ಅಬ್ದುಲ್ ರಶೀದನ ಸ್ಟವ್ ರಿಪೇರಿ ಅಂಗಡಿಯಿತ್ತು. ಅವನ ತಂದೆ ಇಟ್ಟ ಅಂಗಡಿ. ಬರ್ನರಿಗೆ ಪಿನ್ನು ಹೊಡೆಯುವುದು, ಪಂಪಿಗೆ ವಾಷರ್ ಹಾಕುವುದು, ಟ್ಯಾಂಕಿನ ತೂತಿಗೆ ಬೆಸುಗೆ ಹಾಕುವುದು, ಇಷ್ಟರಲ್ಲೇ ಎರಡು ತಲೆಮಾರಿನ ಸಂಸಾರ ನಡೆದುಹೋಗಿತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಊರಿನ ಅಡಿಗೆಮನೆಗಳಿಗೆ ಒಂದೊಂದಾಗಿ ಗ್ಯಾಸ್ ಬಂತು. ಅಂಗಡಿಯ ಮುಂದೆ ಸಾಲಾಗಿ ಕೂರುತ್ತಿದ್ದ ಸ್ಟವ್ವುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಇದಕ್ಕೆ ಯಾರನ್ನು ಬೈಯಬೇಕೆಂದು ರಶೀದನಿಗೆ ತಿಳಿಯಲಿಲ್ಲ. ಅವನ ಹೆಂಡತಿ ಜೈನಬ್ ಬೀ ಕೂಡ ಅವನಿಗೆ ಹೇಳದೆ ಹೋಗಿ ಸಿಲಿಂಡರಿಗೆ ಹೆಸರು ಬರೆಸಿ ಬಂದಿದ್ದಳು.

ಆದರೂ ಅವನ ಅಂಗಡಿಗೆ ಜನ ಬರುವುದು ನಿಲ್ಲಲಿಲ್ಲ. ಅದಕ್ಕೆ ಕಾರಣ ಸ್ಟವ್ ಅಲ್ಲ, ಬಸ್ಸು. ಗುಬ್ಬಿಯಿಂದ ತುಮಕೂರಿಗೆ ಏನೇ ಕಳಿಸಬೇಕಾದರೂ ಅವನ ಅಂಗಡಿಯ ಕಟ್ಟೆಯ ಮೇಲೆ ಇಟ್ಟುಹೋಗುವುದು ರೂಢಿ. ಹಾಸ್ಟೆಲಿನಲ್ಲಿರುವ ಮಗಳಿಗೆ ಚಟ್ನಿಪುಡಿ, ವಕೀಲರಿಗೆ ಪಹಣಿ, ಡಾಕ್ಟರಿಗೆ ಎಕ್ಸ್‌ರೇ, ದರ್ಜಿಗೆ ಅಳತೆಯ ರವಿಕೆ. "ಗಂಗಹನುಮಯ್ಯನ ಬಸ್ಸಿಗೆ ಹಾಕ್ಬುಡಿ ಸಾಬ್ರೆ" ಎಂದು ಹೇಳಿದರೆ ಮುಗಿಯಿತು. ಖಾಸಗಿ ಬಸ್ಸಿನ ಕಂಡಕ್ಟರ್ ಗಂಗಹನುಮಯ್ಯ ಅದನ್ನು ಡ್ರೈವರ್ ಸೀಟಿನ ಹಿಂದೆ ತುರುಕಿ ಒಯ್ಯುತ್ತಿದ್ದ. ಆ ಕಡೆಯಲ್ಲಿ ಬೇಕಾದವರು ಬಂದು ನಿಂತು ತೆಗೆದುಕೊಳ್ಳುತ್ತಿದ್ದರು. ರಸೀದಿಯಿಲ್ಲ, ಸಹಿಯಿಲ್ಲ. ಬರಬೇಕಾದವರು ಬರದಿದ್ದರೆ ಅವರ ಓಣಿಯವರು ಯಾರಾದರೂ ಬಸ್ಸಿನಲ್ಲಿ ಇದ್ದೇ ಇರುತ್ತಿದ್ದರು. ಅವರ ಕೈಗೆ ಕೊಟ್ಟರೂ ಆಯಿತು.

ಎರಡು ಸಾವಿರದ ಎರಡರ ಶ್ರಾವಣದಲ್ಲಿ ಸೋಮಶೇಖರ್ ಎಂಬಾತ ಮೋಟರ್‌ಸೈಕಲ್ಲಿನಲ್ಲಿ ಬಂದು ಅಂಗಡಿಯ ಮುಂದೆ ನಿಂತ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವನು, ಮೂವತ್ತು ದಾಟಿದ ಮನುಷ್ಯ. ತುಮಕೂರಿನಲ್ಲಿ ಒಂದು ಕೊರಿಯರ್ ಕಂಪನಿಯ ಮ್ಯಾನೇಜರ್. ಕಂಪನಿ ಮೊದಲು ಬೆಂಗಳೂರಿನವರದಾಗಿತ್ತಂತೆ. ಕೊರಿಯರ್ ಕೆಲಸದಲ್ಲಿ ಹೊರದೇಶದವರೂ ಬಂಡವಾಳ ಹಾಕಬಹುದೆಂದು ಸರ್ಕಾರ ಬಾಗಿಲು ತೆರೆದ ಮೇಲೆ ಯಾವುದೋ ಹೊರದೇಶದ ಕಂಪನಿ ಅದರಲ್ಲಿ ಪಾಲು ಕೊಂಡಿತ್ತು. ಇದನ್ನೆಲ್ಲ ಸೋಮಶೇಖರ್ ನಿಂತಲ್ಲೇ ಹೇಳಿ, "ಗುಬ್ಬಿಯಲ್ಲಿ ಯಾರನ್ನ ಕೇಳಿದ್ರೂ ಪಾರ್ಸಲ್ ಅಂದ್ರೆ ರಶೀದ್ ಸಾಬ್ರು ಅಂತಾರೆ. ನಮ್ಮ ಏಜೆನ್ಸಿ ತಗೊಳ್ಳಿ" ಎಂದ.

ಪಕ್ಕದ ಹೋಟೆಲಿನ ಗಲ್ಲಾದಿಂದ ಗುಂಡಯ್ಯ ಕತ್ತು ಚಾಚಿದ. "ತಗೊಳ್ಲಾ ರಶೀದ, ಇನ್ನೇನು ಆ ಸ್ಟವ್ಗಳನ್ನ ಮ್ಯೂಸಿಯಮ್ಮಿಗೆ ಕೊಡ್ತೀಯಾ?"

ಹಾಗೆ ಅಂಗಡಿಯ ಮೇಲೆ ಹಸಿರು ಬೋರ್ಡು ಬಂತು. ಬೆಳಿಗ್ಗೆ ವ್ಯಾನು ಬಂದು ಚೀಲ ಇಳಿಸುತ್ತಿತ್ತು. ರಶೀದ ಸೈಕಲ್ಲಿನಲ್ಲಿ ಊರೆಲ್ಲ ಸುತ್ತಿ ಲಕೋಟೆ ಹಂಚಿ, ಹಾಳೆಯ ಮೇಲೆ ಸಹಿ ಪಡೆದು, ಸಂಜೆ ಅದೇ ವ್ಯಾನಿಗೆ ಊರಿನವರು ಕಳಿಸುವುದನ್ನು ಕೊಡುತ್ತಿದ್ದ. ತಿಂಗಳಿಗೆ ಕೈಗೆ ನಾಲ್ಕು ಕಾಸು ಹೆಚ್ಚಾಗಿಯೇ ಬರತೊಡಗಿತು. ಅದಕ್ಕಿಂತ ಹೆಚ್ಚಾಗಿ, ಐವತ್ತರ ಹತ್ತಿರದಲ್ಲಿ ಮತ್ತೆ ಬೇಕಾದ ಮನುಷ್ಯನಾದೆ ಎನ್ನುವುದು ಅವನಿಗೆ ಸುಖ ಕೊಟ್ಟಿತ್ತು.

ಆ ಚೀಲದಿಂದ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಉಪಯೋಗ ಪಡೆದವರು ಗಂಗಾಂಬಿಕೆ. ಕೆರೆ ದಾರಿಯಲ್ಲಿ ಅವರ ಅಡಿಕೆ ಹಾಳೆ ತಟ್ಟೆಯ ಕಾರ್ಖಾನೆ. ಕಾರ್ಖಾನೆ ಅಂದರೆ ತಗಡು ಹೊದಿಸಿದ ಒಂದು ಉದ್ದನೆಯ ಕೊಟ್ಟಿಗೆ, ಹಾಳೆ ನೆನೆಹಾಕುವ ತೊಟ್ಟಿ, ಬಿಸಿ ಅಚ್ಚಿನಲ್ಲಿ ಒತ್ತುವ ಯಂತ್ರಗಳು. ಅವರ ಗಂಡ ಸದಾಶಿವಯ್ಯ ಬೆಂಗಳೂರಿನ ವಸ್ತುಪ್ರದರ್ಶನವೊಂದರಲ್ಲಿ ತಟ್ಟೆ ಇಟ್ಟುಕೊಂಡು ಕೂತಿದ್ದಾಗ ಜರ್ಮನಿಯ ಒಬ್ಬ ವ್ಯಾಪಾರಿ ಕಂಡು, ತಿರುವಿ ತಿರುವಿ ನೋಡಿ, ವಿಳಾಸ ಬರೆದುಕೊಂಡು ಹೋಗಿದ್ದನಂತೆ. ಆಗ ಒಂದು ನಮೂನೆ ಕಳಿಸಿ ಉತ್ತರ ಬರುವುದರೊಳಗೆ ಮಳೆಗಾಲ ಕಳೆದು ಬೇಸಿಗೆ ಬರುತ್ತಿತ್ತು. ಒಮ್ಮೆ ಕಳಿಸಿದ್ದು ತಲುಪಲೇ ಇಲ್ಲ. ವ್ಯಾಪಾರ ಹೆಚ್ಚು ಬೆಳೆಯುವ ಮೊದಲೇ ಸದಾಶಿವಯ್ಯ ಎದೆನೋವಿಂದ ತೀರಿಕೊಂಡರು. ಗಂಗಾಂಬಿಕೆ ಕೊಟ್ಟಿಗೆಗೆ ಬೀಗ ಹಾಕಲಿಲ್ಲ. ಹಸಿರು ಬೋರ್ಡು ಬಂದ ಮೇಲೆ ಗುಬ್ಬಿಯಲ್ಲಿ ಸೋಮವಾರ ಕೊಟ್ಟ ತಟ್ಟೆ ಅದೇ ವಾರದಲ್ಲಿ ಜರ್ಮನಿಯ ಮೇಜಿನ ಮೇಲೆ ಕೂರುತ್ತಿತ್ತು. ಅಂಚು ಇನ್ನಷ್ಟು ದಪ್ಪ ಬೇಕು ಎಂದು ಅವರು ಹೇಳಿದ್ದು ಮುಂದಿನ ವಾರ ಇಲ್ಲಿಗೆ ತಿಳಿಯುತ್ತಿತ್ತು. ಇಬ್ಬರು ಹೆಂಗಸರಿದ್ದ ಕೊಟ್ಟಿಗೆಯಲ್ಲಿ ಈಗ ಕೂರಲು ಜಾಗ ಸಾಲುತ್ತಿರಲಿಲ್ಲ. ತಟ್ಟೆಯ ಅಂಚು ಉಜ್ಜಿ, ಜೋಡಿಸಿ, ಕಟ್ಟು ಕಟ್ಟುವ ಕೆಲಸ ರಶೀದನ ಗಲ್ಲಿಗೂ ಬಂತು. ಜೈನಬ್ ಬೀ ಮತ್ತು ಅಕ್ಕಪಕ್ಕದ ಮನೆಯವರು ಮಧ್ಯಾಹ್ನದ ಹೊತ್ತು ತಟ್ಟೆಗಳ ರಾಶಿಯ ನಡುವೆ ಕೂತು ಮಾತಾಡುತ್ತ ಅಂಚು ಉಜ್ಜುತ್ತಿದ್ದರು.

ಸಹಿಯ ವಿಷಯದಲ್ಲಿ ಮಾತ್ರ ಗುಬ್ಬಿ ತನ್ನ ಹಳೆಯ ದಾರಿಯನ್ನು ಬಿಡಲಿಲ್ಲ. ಮೇಷ್ಟರು ಶಾಲೆಗೆ ಹೋಗಿದ್ದರೆ ಅವರ ಲಕೋಟೆಯನ್ನು ಗುಂಡಯ್ಯನ ಹೋಟೆಲಿನಲ್ಲಿ ಬಿಡುವುದು, ಮೇಷ್ಟರ ಹೆಸರಿನಲ್ಲಿ ಗುಂಡಯ್ಯನೇ ಸಹಿ ಹಾಕುವುದು. ಅದು ಕಳ್ಳಸಹಿ ಎಂದು ಯಾರಿಗೂ ಅನ್ನಿಸಿರಲಿಲ್ಲ. ಪಕ್ಕದ ಮನೆಯ ಮಗುವನ್ನು ಎತ್ತಿಕೊಂಡ ಹಾಗೆ ಅದೂ ಒಂದು ಉಪಕಾರ. ಗುಂಡಯ್ಯನಿಗಂತೂ ಅದರಲ್ಲಿ ಒಂದು ಗತ್ತು. "ಈ ಊರಲ್ಲಿ ಅರ್ಧ ಜನದ ಸಹಿ ನಂದೇ ಕಣೋ" ಎಂದು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದ. ಗಂಗಾಂಬಿಕೆ ಕೂಡ ಗಂಡನ ಹೆಸರಿಗೆ ಬಂದುದಕ್ಕೆ 'ಸದಾಶಿವಯ್ಯ' ಎಂದೇ ಬರೆಯುತ್ತಿದ್ದರು. ಮಂಡಿ ನಡೆಸುವ ಮನೆತನಗಳಲ್ಲಿ ಅದು ನಡೆದುಬಂದ ರೀತಿ. ಹಿರಿಯರು ಹೋದರೂ ಅವರ ಸಹಿ ಅಂಗಡಿಯ ಸಹಿಯಾಗಿ ಉಳಿಯುತ್ತದೆ.

ಮರುವರ್ಷ ಫಾಲ್ಗುಣದ ಬಿಸಿಲು ಏರುವ ದಿನಗಳಲ್ಲಿ ಬೆಂಗಳೂರಿನ ಆಫೀಸಿನಿಂದ ನರಸಿಂಹಯ್ಯ ಎಂಬ ತಪಾಸಣೆಯವರು ಬಂದರು. ಜೊತೆಯಲ್ಲಿ ಮುಖ ಬಾಡಿಸಿಕೊಂಡ ಸೋಮಶೇಖರ್. ನರಸಿಂಹಯ್ಯ ದನಿ ಏರಿಸುವವರಲ್ಲ. ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಂಡು, ಸಹಿಯ ಹಾಳೆಗಳನ್ನು ಮೊಣಕಾಲ ಮೇಲೆ ಹರಡಿದರು.

"ರಶೀದ್ ಅವರೇ, ಮೇಷ್ಟ್ರು, ಟೈಲರ್ರು, ಬ್ಯಾಂಕಿನ ಜವಾನ, ಇಷ್ಟೂ ಜನ ಒಂದೇ ಥರ ಬರೀತಾರಲ್ಲ, ಒಂದೇ ಮೇಷ್ಟ್ರ ಹತ್ರ ಕಲ್ತೋರಾ?"

ಅಷ್ಟರಲ್ಲಿ ಗುಂಡಯ್ಯ ಮೂರು ಲೋಟ ಕಾಫಿ ಹಿಡಿದು ತಾನೇ ಬಂದು, "ಅದಾ ಸ್ವಾಮಿ, ಅದೆಲ್ಲ ನಂದೇ" ಎಂದು ನಕ್ಕ. "ಅವ್ರು ಮನೇಲಿರಲ್ಲ, ನಾನು ತಗೊಂಡು ಇಟ್ಟಿರ್ತೀನಿ. ಸಾಯಂಕಾಲ ಕಾಫಿಗೆ ಬಂದಾಗ ಕೊಡ್ತೀನಿ. ಒಂದೂ ಹೋಗಿಲ್ಲ ನೋಡಿ."

"ಎಲ್ಲಿ ಇಡ್ತೀರಿ?"

ಗುಂಡಯ್ಯ ಹೆಮ್ಮೆಯಿಂದಲೇ ಒಳಗೆ ಕರೆದೊಯ್ದ. ಗಲ್ಲಾದ ಮೇಲ್ಗಡೆ ದೇವರ ಪಟಗಳ ಸಾಲು; ಪಟಗಳ ಹಿಂದೆ ಒಂದು ಹಲಗೆ. ಅಲ್ಲಿ ಮೂರು ಲಕೋಟೆ ಇದ್ದವು. ಎರಡು ಆ ದಿನದವು. ಮೂರನೆಯದು ಊದುಬತ್ತಿಯ ಬೂದಿ ಬಿದ್ದು ಮಾಸಿತ್ತು. ನರಸಿಂಹಯ್ಯ ಅದನ್ನು ತೆಗೆದು ಒರೆಸಿದರು. ಓಬಳಯ್ಯ ಎಂಬ ಬಡಗಿಯ ಹೆಸರಿಗೆ ಬೆಂಗಳೂರಿನ ಆಸ್ಪತ್ರೆಯಿಂದ ಬಂದದ್ದು. ಹಾಳೆ ತಿರುವಿ ನೋಡಿದರೆ ಸಂಕ್ರಾಂತಿಯ ಆಚೀಚೆಯೇ 'ಓಬಳಯ್ಯ' ಎಂದು ಸಹಿಯಾಗಿತ್ತು.

ಗುಂಡಯ್ಯನ ನಗು ಮುಖದಲ್ಲೇ ಉಳಿದು ಒಣಗಿತು. "ಅವನು ಹೋಟ್ಲಿಗೆ ಬರೋದೇ ಬಿಟ್ಟವ್ನಲ್ಲ... ಮರ್ತೇ ಹೋಗಿತ್ತು ಸ್ವಾಮಿ" ಎಂದ.

ಓಬಳಯ್ಯ ಹೋಟೆಲಿಗೆ ಬರುವುದನ್ನು ಬಿಟ್ಟದ್ದು ಹೊಟ್ಟೆನೋವಿಂದ. ಆಸ್ಪತ್ರೆಯವರು ರಿಪೋರ್ಟ್ ಕಳಿಸಲೇ ಇಲ್ಲವೆಂದು ಅವನ ಹೆಂಡತಿ ಸಂತೆಯಲ್ಲಿ ಬೈಯುತ್ತಿದ್ದುದನ್ನು ರಶೀದ ತನ್ನ ಕಿವಿಯಾರೆ ಕೇಳಿದ್ದ. ಕೇಳಿ, ಪಾಪ ಎಂದುಕೊಂಡು ಮುಂದೆ ಹೋಗಿದ್ದ. ಆ ಲಕೋಟೆಯನ್ನು ಹೋಟೆಲಿಗೆ ಕೊಟ್ಟವನು ತಾನೇ ಎಂಬುದು ಆಗ ಹೊಳೆದಿರಲಿಲ್ಲ.

ಆ ದಿನವೇ ರಶೀದ ಲಕೋಟೆಯನ್ನು ತಾನೇ ಒಯ್ದು ಓಬಳಯ್ಯನ ಕೈಗೆ ಕೊಟ್ಟು ಬಂದ. ಅದೃಷ್ಟಕ್ಕೆ ಅದರಲ್ಲಿ ಅವಸರದ ವಿಷಯವಿರಲಿಲ್ಲ. ಅವನು ವಾಪಸು ಬಂದು ಕಟ್ಟೆಯ ಮೇಲೆ ಕೂತ ಮೇಲೆ ನರಸಿಂಹಯ್ಯ ಒಂದು ಮುಚ್ಚಳಿಕೆ ಬರೆಸಿಕೊಂಡರು. ಇನ್ನು ಮೇಲೆ ಊರೊಳಗಿನ ಲಕೋಟೆಯಾದರೆ ಮನೆಯವರ ಕೈಗೆ, ಅವರು ತಮ್ಮದೇ ಹೆಸರಿನಲ್ಲಿ ಸಹಿ ಹಾಕಬೇಕು. ಹೊರದೇಶದ್ದಾದರೆ ಹೆಸರಿದ್ದವರ ಕೈಗೇ. ಇನ್ನೊಂದು ಸುಳ್ಳು ಸಹಿ ಸಿಕ್ಕರೆ ಬೋರ್ಡು ಇಳಿಸುವುದು. ರಶೀದ ಓದಿಸಿಕೊಂಡು, ಒಪ್ಪಿಯೇ ಸಹಿ ಮಾಡಿದ. ಹೆದರಿ ಮಾಡಿದ್ದೂ ಹೌದು, ಓಬಳಯ್ಯನ ಮನೆಯಿಂದ ಬಂದ ಮೇಲೆ ಮಾಡದಿರುವ ಮುಖ ಅವನಿಗಿರಲಿಲ್ಲ ಎಂಬುದೂ ಹೌದು. ತಪಾಸಣೆಯವರು ಕೆರೆ ದಾರಿಯ ಕಡೆ ಹೋಗಲಿಲ್ಲವಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು.

ಆ ಸಮಾಧಾನ ಬಹಳ ದಿನ ಬಾಳಲಿಲ್ಲ. ಯುಗಾದಿ ಕಳೆದ ಮೇಲೆ ವ್ಯಾನಿನ ಚೀಲದಲ್ಲಿ ಚೌಕನೆಯ ಒಂದು ರಟ್ಟಿನ ಡಬ್ಬಿ ಬಂತು. ಜರ್ಮನಿಯ ಅಂಚೆಚೀಟಿಯಂಥ ಅಂಟುಕಾಗದಗಳು, ಮೇಲೆ ಇಂಗ್ಲಿಷಿನಲ್ಲಿ ಹೆಸರು: ಶ್ರೀ ಸದಾಶಿವಯ್ಯ, ಗುಬ್ಬಿ.

ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಹೋಗೋಣವೇ ಎಂದು ಯೋಚಿಸಿ, ಹೇಗಿದ್ದರೂ ಹೇಳಲೇಬೇಕಲ್ಲ ಎಂದು ಚೀಲಕ್ಕೆ ಹಾಕಿಕೊಂಡು ರಶೀದ ಸೈಕಲ್ ಹತ್ತಿದ. ಕೊಟ್ಟಿಗೆಯಲ್ಲಿ ಯಂತ್ರದ ಬಿಸಿಗೆ ಹಸಿ ಹಾಳೆಯಿಂದ ಸಣ್ಣಗೆ ಆವಿ ಏಳುತ್ತಿತ್ತು. ಗಂಗಾಂಬಿಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತೊಟ್ಟಿಯ ಹತ್ತಿರ ನಿಂತಿದ್ದವರು ಇವನನ್ನು ಕಂಡದ್ದೇ ಕೈ ಒರೆಸಿಕೊಂಡು ಬಂದರು.

"ಬಂತಾ ಸಾಬ್ರೆ? ಎದುರು ನೋಡ್ತಾ ಇದ್ದೆ. ಕೊಡಿ ಕೊಡಿ. ಹೊಸ ನಮೂನೆ ಕಳ್ಸೀವಿ, ನೋಡಿ ಮಾಡೋಕಾಗುತ್ತಾ ಇಲ್ವಾ ಬೇಗ ತಿಳ್ಸಿ ಅಂತ ಬರ್ದಿದ್ರು. ಹಡಗಿನ ಬುಕಿಂಗ್ ಮಾಡ್ಬೇಕಂತೆ."

ರಶೀದ ಚೀಲದ ಬಾಯಿ ಬಿಚ್ಚಲಿಲ್ಲ. "ಅಕ್ಕಾವ್ರೆ, ಇದು ಅಯ್ಯನೋರ ಹೆಸ್ರಿಗೆ ಬಂದೈತೆ."

"ಯಾವಾಗ್ಲೂ ಅವ್ರ ಹೆಸ್ರಿಗೇ ಅಲ್ವಾ ಬರೋದು? ಎಲ್ಲಿ ಸಹಿ, ಹೇಳಿ."

ಅವನು ಮುಚ್ಚಳಿಕೆಯ ವಿಷಯ ಹೇಳಿದ. ಓಬಳಯ್ಯನ ವಿಷಯವನ್ನೂ ಹೇಳಿದ. ಗಂಗಾಂಬಿಕೆ ಪೂರ್ತಿ ಕೇಳಿಸಿಕೊಂಡರು. ಯಂತ್ರ ಒತ್ತುತ್ತಿದ್ದ ಹೆಂಗಸರೂ ಕೈ ನಿಲ್ಲಿಸಿದ್ದರು.

"ಓಬಳಯ್ಯಂದು ಬೇರೆ ಸಾಬ್ರೆ. ಇಲ್ಲಿ ನಿಮ್ಗೆ ಗೊತ್ತಿಲ್ದೇ ಇರೋದು ಏನೈತೆ? ನಮ್ಮ್ ಯಜಮಾನ್ರ ಮಣ್ಣಿಗೆ ಬಂದೋರು ನೀವು. ಈಗ ಅವ್ರೇ ಬಂದು ಸಹಿ ಹಾಕ್ಬೇಕು ಅಂದ್ರೆ, ಎಲ್ಲಿಂದ ಕರ್ಕೊಂಬರ್ಲಿ?"

"ಹಂಗನ್ಬ್ಯಾಡಿ ಅಕ್ಕಾವ್ರೆ. ಕಳ್ಸಿದೋರಿಗೆ ಒಂದು ಮಾತು ಹೇಳಿ ಹೆಸ್ರು ಬದ್ಲಾಯಿಸ್ಕೊಂಡ್ರೆ..."

"ಅದೇ ಆಗ್ಬಾರ್ದು." ದನಿ ತಗ್ಗಿತು. ಅವನನ್ನು ಹೊರಗೆ, ಹಾಳೆ ಒಣಹಾಕಿದ್ದ ಕಡೆ ಕರೆದುಕೊಂಡು ಹೋದರು. "ಅವ್ರಿಗೆ ಗೊತ್ತಿಲ್ಲ. ನಮ್ಮ್ ಸುಮನಾ ಕಾಗ್ದ ಬರೀತಾಳೆ, ಅಪ್ಪನ ಹೆಸ್ರಲ್ಲೇ. ನಾನು ಸಹಿ ಹಾಕ್ತೀನಿ. ಅವ್ರು ನೋಡಿರೋದು ಯಜಮಾನ್ರನ್ನ, ನಂಬಿರೋದು ಅವ್ರನ್ನ. ಗಂಡಸು ಸತ್ತೋದ, ಹೆಂಗಸು ನಡೆಸ್ತಾವ್ಳೆ ಅಂತ ಗೊತ್ತಾದ್ರೆ ಬ್ಯಾರೆ ಕಡೆ ನೋಡ್ಕೋತಾರೆ. ಇಲ್ಲಿ ಹಾಳೆ ಕೊಡೋ ತೋಟದೋರೇ ಮೊದ್ಲು ಮೊದ್ಲು ನನ್ ಜೊತೆ ಮಾತಾಡ್ತಿರ್ಲಿಲ್ಲ, ಇನ್ನು ಅವ್ರು?"

ರಶೀದ ಒಣಗುತ್ತಿದ್ದ ಹಾಳೆಯೊಂದರ ತುದಿ ಹಿಡಿದು ತಿರುಗಿಸಿ ಹಾಕಿದ. ಕೊಡದಿದ್ದರೆ ಮೂರು ದಿನ ಕಾದು ಡಬ್ಬಿಯನ್ನು ವಾಪಸು ಕಳಿಸಬೇಕು. ಕೊಟ್ಟರೆ, ಕೊರಿಯರಿನ ಹಾಳೆಯ ಮೇಲೆ ತೀರಿಹೋದವರ ಸಹಿ. ಸಿಕ್ಕಿಬಿದ್ದ ದಿನ ಬೋರ್ಡು ಇಳಿಯುತ್ತದೆ.

"ನಾಳೆ ಬೆಳಿಗ್ಗೆ ಬರ್ತೀನಿ ಅಕ್ಕಾವ್ರೆ" ಎಂದ.

"ಬರೋದಾದ್ರೆ ಅದನ್ನ ಕೊಡೋಕೆ ಬನ್ನಿ" ಎಂದು ಗಂಗಾಂಬಿಕೆ ಒಳಗೆ ಹೋದರು.

ವಿಷಯ ಊರಿಗೆ ಹರಡಲು ಹೊತ್ತು ಬೇಕಾಗಲಿಲ್ಲ. ಸಂಜೆ ಗುಂಡಯ್ಯ, ಹಲಗೆಯ ಪ್ರಸಂಗವಾದ ದಿನದಿಂದ ಮಾತು ಬಿಟ್ಟಿದ್ದವನು, ತಾನಾಗಿಯೇ ಶುರುಮಾಡಿದ. "ಏನ್ಲಾ, ಬೆಂಗ್ಳೂರಿನೋನು ನಿನ್ನ ತಲೆ ಮೇಲೆ ಕೈ ಇಟ್ಟು ಹೋದ ಅಂತ ಗಂಗಮ್ಮನ ಬಾಯಿಗೆ ಮಣ್ಣು ಹಾಕ್ತೀಯಾ? ಮೊದ್ಲು ಚಟ್ನಿಪುಡಿ ಸಾಗಿಸ್ತಿದ್ದಾಗ ಯಾರ ಸಹಿ ಕೇಳ್ತಿದ್ದೆ?"

"ಚಟ್ನಿಪುಡಿ ಜರ್ಮನಿಗೆ ಹೋಗ್ತಿರ್ಲಿಲ್ಲ ಗುಂಡಯ್ಯ."

"ಹೋಗಿದ್ರೂ ನಾನೇ ಸಹಿ ಹಾಕ್ತಿದ್ದೆ ಬುಡು" ಎಂದು ಗುಂಡಯ್ಯ ದೋಸೆಯ ಕಡೆ ತಿರುಗಿದ.

ಮನೆಯಲ್ಲಿ ಜೈನಬ್ ಬೀ ಊಟಕ್ಕೆ ಬಡಿಸುವಾಗಲೇ ವಿಷಯ ಗೊತ್ತಿತ್ತು. ಗೋಡೆಗೆ ಒರಗಿಸಿದ್ದ ತಟ್ಟೆಯ ಕಟ್ಟುಗಳನ್ನು ತೋರಿಸಿ, "ಆ ಡಬ್ಬಿ ವಾಪಸ್ ಹೋದ್ರೆ ಈ ಗಲ್ಲಿ ಹೆಂಗಸ್ರೆಲ್ಲ ಕೈ ಕಟ್ಕೊಂಡು ಕೂರ್ಬೇಕು, ಗೊತ್ತು ತಾನೇ?" ಎಂದಳು.

"ಕೊಟ್ಬುಡು ಅಂತೀಯಾ?"

ಅವಳು ಸಾರು ಬಡಿಸಿ, ತಾನೂ ಎದುರಿಗೆ ಕೂತಳು. "ಓಬಳಯ್ಯನ ಹೆಂಡ್ತಿ ನನ್ನ ಹತ್ರ ಅತ್ತಿದ್ಲು. ಹಂಗಾಗಿ ಕೊಟ್ಬುಡಿ ಅಂತ ನಾನನ್ನಲ್ಲ. ನೀವು ಕೊಡೋಕಾಗಲ್ಲ, ಸರಿ. ಕೊಡಬಲ್ಲೋರು ಒಬ್ರು ಇರ್ಬೇಕಲ್ಲ? ಡಬ್ಬೀನೂ ತಗೊಳ್ಳಿ, ಆಯಮ್ಮನ್ನೂ ಕರ್ಕೊಳ್ಳಿ, ತುಮ್ಕೂರಿಗೆ ಹೋಗಿ ಆಫೀಸಿನೋರ ಮುಂದೆ ಇಡಿ. ಆಯಮ್ಮ ಹೇಳ್ಬೇಕಾದ್ದು ಆಯಮ್ಮ ಹೇಳ್ಲಿ."

"ಆಯಮ್ಮ ಬರಲ್ಲ."

"ನೀವು ಕೇಳಿದ್ರಾ?"

ಅವನು ಕೇಳಿರಲಿಲ್ಲ.

ಬೆಳಿಗ್ಗೆ ಕೇಳಿದಾಗ ಗಂಗಾಂಬಿಕೆ ಮೊದಲು ಆಗುವುದಿಲ್ಲ ಎಂದರು. ಆಮೇಲೆ, ಡಬ್ಬಿ ಹೇಗೂ ವಾಪಸು ಹೋಗುವುದಾದರೆ ಹೋಗುವ ಮುಂಚೆ ಒಮ್ಮೆ ಮ್ಯಾನೇಜರನ್ನು ನೋಡಿಯೇಬಿಡುತ್ತೇನೆ ಎಂದರು. ಸೀರೆ ಬದಲಾಯಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಬಂದರು. ರಶೀದ ಆ ದಿನದ ಮಿಕ್ಕ ಲಕೋಟೆಗಳನ್ನೂ ಚೀಲದಲ್ಲೇ ಇಟ್ಟುಕೊಂಡು ಅಂಗಡಿಯ ಬಾಗಿಲೆಳೆದ.

ಗಂಗಹನುಮಯ್ಯನ ಬಸ್ಸಿನಲ್ಲಿ ಅವರು ಮುಂದಿನ ಸೀಟಿನಲ್ಲಿ, ಅವನು ಹಿಂದೆ, ಡಬ್ಬಿ ಅವನ ತೊಡೆಯ ಮೇಲೆ. ಗಂಗಹನುಮಯ್ಯ ಟಿಕೆಟ್ ಹರಿಯುತ್ತ ಬಂದು ಒಂದು ಸಲ ಡಬ್ಬಿಯ ಹೆಸರು ಓದಿದ, ಒಂದು ಸಲ ಮುಂದಿನ ಸೀಟು ನೋಡಿದ. "ಅಲ್ಲಾ ಸಾಬ್ರೆ, ಪಾರ್ಸಲ್ ಒಂದ್ ಕಡೆ ಕೂತೈತೆ, ಪಾರ್ಸಲ್ ಸೇರ್ಬೇಕಾದೋರು ಇನ್ನೊಂದ್ ಕಡೆ ಕೂತವ್ರೆ. ನಡೂವೆ ನಾಲ್ಕ್ ಸೀಟು. ಇದಕ್ಕೆ ಇಬ್ರೂ ಇಪ್ಪತ್ ಕಿಲೋಮೀಟ್ರು ಹೋಗ್ಬೇಕಾ?"

"ಹೋಗ್ಬೇಕಾಗೈತೆ ಕಣಪ್ಪ."

"ಒಳ್ಳೇದು ಬುಡಿ. ಎರಡ್ ಟಿಕೆಟ್ ಆಯ್ತು ನಂಗೆ. ಡಬ್ಬಿಗೆ ಅರ್ಧ ಹರೀಲಾ?"

ಮುಂದೆ ಕೂತಿದ್ದ ಗಂಗಾಂಬಿಕೆಯ ಭುಜ ಸ್ವಲ್ಪ ಅಲುಗಿತು. ನಕ್ಕರೋ ಏನೋ, ರಶೀದನಿಗೆ ಕಾಣಿಸಲಿಲ್ಲ.

ತುಮಕೂರಿನ ಆಫೀಸು ಅಶೋಕ ರಸ್ತೆಯಲ್ಲಿ ಒಂದು ಔಷಧಿ ಅಂಗಡಿಯ ಮಹಡಿಯ ಮೇಲಿತ್ತು. ಸೋಮಶೇಖರ್ ಇಬ್ಬರನ್ನೂ ಕೂರಿಸಿ, ಪೂರ್ತಿ ಕೇಳಿ, ಡಬ್ಬಿಯನ್ನು ಮೇಜಿನ ಮೇಲಿಟ್ಟುಕೊಂಡ.

"ನಮ್ಮ ಕೊತ್ತಗೆರೆಯಲ್ಲೂ ಹಿಂಗೇ ಅಮ್ಮ. ನಮ್ಮ ತಾತ ಸತ್ತು ಹತ್ತು ವರ್ಷ ಆದ್ರೂ ಸೊಸೈಟಿಯಲ್ಲಿ ಗೊಬ್ಬರ ಅವರ ಹೆಸ್ರಲ್ಲೇ ಬರೋದು. ಆದ್ರೆ ಇದನ್ನ ಈ ಹೆಸ್ರಲ್ಲಿ ನಿಮಗೆ ಕೊಡೋ ಅಧಿಕಾರ ನನಗೂ ಇಲ್ಲ. ಕಳಿಸಿದವರು ಇಂಥವರಿಗೆ ಕೊಡಿ ಅಂತ ಬರೆದು ಹೇಳಿದ್ರೆ ಈ ಕ್ಷಣ ಕೊಡ್ತೀನಿ. ಬೆಂಗಳೂರಿನವರು ಈಮೇಲ್ ಹಾಕ್ತಾರೆ. ಅಲ್ಲೀಗ ಬೆಳಗಾಗ್ತಿರುತ್ತೆ, ಅವರು ಆಫೀಸಿಗೆ ಬರೋ ಹೊತ್ತು."

"ಕಾರಣ ಏನಂತ ಹಾಕ್ತೀರಿ?" ಗಂಗಾಂಬಿಕೆ ಕೇಳಿದರು.

"ಇರೋದನ್ನೇ ಹಾಕ್ಬೇಕು."

ಅವರು ಡಬ್ಬಿಯ ಮೇಲಿದ್ದ ಹೆಸರನ್ನು ನೋಡುತ್ತ ಕೂತರು. ಕೆಳಗೆ ರಸ್ತೆಯಲ್ಲಿ ಆಟೋಗಳ ಸದ್ದು. ರಶೀದನ ಬಾಯಿಗೆ ಏನೇನೋ ಸಮಾಧಾನದ ಮಾತು ಬಂತು; ಯಾವುದೂ ನಿಜವೆಂದು ತನಗೇ ಗೊತ್ತಿಲ್ಲದ್ದರಿಂದ ಆಡಲಿಲ್ಲ. ಆ ವ್ಯಾಪಾರಿ ಬೇರೆ ಕಡೆ ನೋಡಿಕೊಂಡರೂ ನೋಡಿಕೊಂಡಾನು. ಆಗ ಕೆರೆ ದಾರಿಯ ಕೊಟ್ಟಿಗೆ, ತನ್ನ ಗಲ್ಲಿ, ಎಲ್ಲಕ್ಕೂ ತಾನೇ ಕಾರಣನಾದ ಹಾಗೆ.

"ಸಾಬ್ರೆ, ನೀವೇನಂತೀರಿ?"

"ನಂಗೂ ಭಯವೇ ಅಕ್ಕಾವ್ರೆ" ಎಂದ ಅವನು. "ಆದ್ರೆ ಇವತ್ತು ತಪ್ಪಿಸ್ಕೊಂಡ್ರೂ ಮುಂದಿನ್ ಡಬ್ಬಿ ಬರ್ತದೆ. ಅದಕ್ಕೆ ಏನ್ ಮಾಡಾನ? ನಾನಿಲ್ದಿದ್ರೆ ಇನ್ನೊಬ್ಬ ತರ್ತಾನೆ, ಅವ್ನೂ ಇದನ್ನೇ ಕೇಳ್ತಾನೆ."

ಗಂಗಾಂಬಿಕೆ ಡಬ್ಬಿಯನ್ನು ಸೋಮಶೇಖರನ ಕಡೆ ಸರಿಸಿ, "ಹಾಕಿ" ಎಂದರು. "ಯಜಮಾನ್ರು ತೀರ್ಕೊಂಡು ಎರಡು ವರ್ಷ ಆಯ್ತು ಅಂತ ಹಾಕಿ. ಅಂಚು ದಪ್ಪ ಮಾಡ್ಕೊಟ್ಟಿದ್ದು, ಅವ್ರು ಚೆನ್ನಾಗೈತೆ ಅಂತ ಬರ್ದಿದ್ರಲ್ಲ, ಅದು ಆಮೇಲಿನ ಮಾಲು ಅಂತಾನೂ ಹಾಕಿ."

ಸೋಮಶೇಖರ್ ಫೋನ್ ಎತ್ತಿಕೊಂಡ. ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ನಿಧಾನವಾಗಿ ಬೆಂಗಳೂರಿಗೆ ಒಪ್ಪಿಸಿದ.

ಕಾಯುವುದು ಶುರುವಾಯಿತು. ಗಂಗಾಂಬಿಕೆ ಹೇಳಿಕಳಿಸಿದ್ದಕ್ಕೆ ಮಗಳು ಸುಮನಾ ತುಮಕೂರಿನ ತನ್ನ ಕಾಲೇಜಿನಿಂದ ಬಂದು ಅಮ್ಮನ ಪಕ್ಕ ಕೂತಳು. ಬಿ.ಕಾಂ. ಓದುವ ಹುಡುಗಿ, ವಿಷಯ ಕೇಳಿ ಅವಳ ಮುಖದ ಬಣ್ಣವೇ ಹೋಯಿತು. "ಅಮ್ಮ, ಇಷ್ಟು ದಿನ ನಾನೇ ಅಲ್ವಾ ಬರ್ದಿದ್ದು, 'ನನ್ನ ಆರೋಗ್ಯ ಚೆನ್ನಾಗಿದೆ' ಅಂತ ಬೇರೆ ಬರ್ದಿದೀನಿ ಒಂದ್ಸಲ" ಎಂದಳು. ಗಂಗಾಂಬಿಕೆ ಅವಳ ಕೈ ಮೇಲೆ ಕೈಯಿಟ್ಟು, "ಯಾಕೆ ಬರ್ದೆ?" ಎಂದರು. "ಅವ್ರು ಕೇಳಿದ್ರು" ಎಂದಳು ಹುಡುಗಿ. ರಶೀದ ಕೆಳಗಿಳಿದು ಮೂವರಿಗೂ ಟೀ ತಂದ. ಸೋಮಶೇಖರ್ ಬೇರೆ ಗಿರಾಕಿಗಳನ್ನು ನೋಡುತ್ತಿದ್ದ. ಕೋರ ಗ್ರಾಮದ ಕಡೆಯ ರೈತನೊಬ್ಬ ಬೀಜದ ಕಂಪನಿಗೆ ದೂರು ಕಳಿಸಲು ಬಂದಿದ್ದ.

ಮಧ್ಯಾಹ್ನದ ಬಿಸಿಲು ಇಳಿಯುವಾಗ ಬೆಂಗಳೂರಿನಿಂದ ಫೋನ್ ಬಂತು. ಸೋಮಶೇಖರ್ ಹೂಂ ಹೂಂ ಎನ್ನುತ್ತ ಬರೆದುಕೊಂಡು, ರಿಸೀವರ್ ಇಟ್ಟು, ಜರ್ಮನಿಯವರ ಉತ್ತರವನ್ನು ಕನ್ನಡದಲ್ಲಿ ಹೇಳಿದ. ಡಬ್ಬಿಯನ್ನು ಶ್ರೀಮತಿ ಗಂಗಾಂಬಿಕೆಯವರಿಗೆ ಕೊಡಬಹುದು. ಸದಾಶಿವಯ್ಯನವರ ವಿಷಯ ತಿಳಿದು ಬಹಳ ದುಃಖವಾಯಿತು. ಇದನ್ನು ಮೊದಲೇ ತಿಳಿಸಬೇಕಿತ್ತು. ಈಗಿನ ಆರ್ಡರ್ ಹಾಗೇ ಮುಂದುವರಿಯಲಿ. ಅದರ ನಂತರದ್ದನ್ನು ಕಾರ್ಖಾನೆಯ ಕಾಗದಪತ್ರ ಯಾರ ಹೆಸರಿನಲ್ಲಿದೆ ಎಂಬುದನ್ನು ನೋಡಿ ತೀರ್ಮಾನಿಸುತ್ತೇವೆ.

"ಅಂದ್ರೆ ಬಿಟ್ಟಿಲ್ಲ" ಎಂದಳು ಸುಮನಾ.

"ಬಿಟ್ಟಿಲ್ಲ. ಪೂರಾ ಹಿಡ್ಕೊಂಡೂ ಇಲ್ಲ" ಎಂದರು ಗಂಗಾಂಬಿಕೆ. "ಅಷ್ಟು ಸಾಕು ಇವತ್ತಿಗೆ."

ರಶೀದ ಹಾಳೆ ಮುಂದಿಟ್ಟ. ಅವರು ಅಭ್ಯಾಸಬಲದಿಂದ 'ಸ' ಎಂದು ಬರೆದು ನಿಲ್ಲಿಸಿದರು. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ತಮ್ಮ ಹೆಸರು ಬರೆದರು. ಹೊಡೆದುಹಾಕಿದ್ದಕ್ಕೂ ಒಂದು ಚಿಕ್ಕ ಸಹಿ ಬೇಕೆಂದು ಸೋಮಶೇಖರ್ ಹೇಳಿದ, ಅದನ್ನೂ ಹಾಕಿದರು.

ಡಬ್ಬಿಯನ್ನು ಅಲ್ಲೇ ಬಿಚ್ಚಿದರು. ಒಳಗೆ ಹುಲ್ಲಿನಂಥ ಕಾಗದದ ನಡುವೆ ಒಂದು ಬಿಳಿಯ ತಟ್ಟೆ, ಚೌಕನೆಯದು, ಮೂಲೆಗಳು ಮಾತ್ರ ದುಂಡಗೆ. ಗಂಗಾಂಬಿಕೆ ಅದನ್ನು ಗೇಣಿನಲ್ಲಿ ಅಳೆದರು, ಮೂಲೆಯ ಮೇಲೆ ಹೆಬ್ಬೆರಳು ಓಡಿಸಿದರು. ಅವರ ಮುಖದಲ್ಲಿದ್ದ ಬೆಳಗಿನ ಬಿಗುವು ಹೋಗಿ ಕೆಲಸದ ಲೆಕ್ಕಾಚಾರ ಬಂದು ಕೂತಿತ್ತು.

"ಹಾಳೆ ಮೂಲೆಯಲ್ಲಿ ಸೀಳುತ್ತೆ. ಜಾಸ್ತಿ ನೆನೆಹಾಕ್ಬೇಕು, ಅಚ್ಚು ಬೇರೆ ಬೇಕು. ಅಂತರಸನಹಳ್ಳಿಯಲ್ಲಿ ಅಚ್ಚು ಮಾಡೋರು ಇನ್ನೂ ಬಾಗ್ಲು ಹಾಕಿರಲ್ಲ. ಸುಮನಾ, ಏಳು." ಮೆಟ್ಟಿಲಿಳಿಯುವ ಮುನ್ನ ತಿರುಗಿ, "ನೀವು ಬರ್ತೀರಾ ಸಾಬ್ರೆ, ಇಲ್ಲ ಊರಿಗೆ ಹೊರಡ್ತೀರಾ?" ಎಂದರು.

"ಚೀಲದಲ್ಲಿ ಜನಗಳ ಲಕೋಟೆ ಅವೆ ಅಕ್ಕಾವ್ರೆ. ಹೊರಡ್ತೀನಿ."

"ಕಟ್ಟು ಒಯ್ಯೋಕೆ ನಾಳೆ ಆಳು ಕಳಿಸ್ತೀನಿ ಅಂತ ಜೈನಬ್‌ಗೆ ಹೇಳಿ" ಎಂದು ಅವರು ಇಳಿದು ಹೋದರು.

ರಶೀದ ಎದ್ದು ನಿಂತು ಸೋಮಶೇಖರನ ಮುಖ ನೋಡಿದ. "ಸಾರ್, ಅಂಗಡಿ ಮುಚ್ಕೊಂಡು ಬಂದ್ಬುಟ್ಟೆ. ಲಕೋಟೆಗಳು ಇವತ್ತು ಲೇಟು. ಬೋರ್ಡಿಗೆ ಏನೂ ತೊಂದ್ರೆ ಇಲ್ವಲ್ಲ?"

"ಪಾರ್ಸಲ್ ಜೊತೆ ಪಾರ್ಟೀನೂ ಬಸ್ಸಲ್ಲಿ ಕರ್ಕೊಂಡು ಬರ್ಬೇಕು ಅಂತ ನಮ್ಮ ರೂಲ್ಸಲ್ಲಿ ಎಲ್ಲೂ ಇಲ್ಲ ರಶೀದ್ ಸಾಬ್" ಎಂದ ಸೋಮಶೇಖರ್, ಹಾಳೆಯನ್ನು ಕಡತಕ್ಕೆ ಸೇರಿಸುತ್ತ. "ಬರಬಾರ್ದು ಅಂತಾನೂ ಇಲ್ಲ. ಹೋಗಿ, ಮಿಕ್ಕಿದ್ದು ಹಂಚಿ. ದಿನಾ ಹಿಂಗೆ ಮಾಡ್ಬೇಡಿ ಮತ್ತೆ."

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಊರು ಬಿಟ್ಟು ತೆಂಗಿನ ತೋಟಗಳು ಶುರುವಾದ ಮೇಲೆ ರಶೀದ ಚೀಲ ಬಿಚ್ಚಿ ಲಕೋಟೆಗಳನ್ನು ತೊಡೆಯ ಮೇಲೆ ಹರಡಿಕೊಂಡ. ಮೊದಲೆಲ್ಲ ಅವನು ಅವುಗಳನ್ನು ಅಂಗಡಿ ಸಾಲು, ಕೋಟೆ ಬೀದಿ, ಕೆರೆ ದಾರಿ ಎಂದು ಬೀದಿಗಳ ಮೇಲೆ ಜೋಡಿಸುತ್ತಿದ್ದ. ಈಗ ಬೇರೆ ರೀತಿಯಲ್ಲಿ ನೋಡತೊಡಗಿದ. ಮೇಷ್ಟರು ಇಷ್ಟು ಹೊತ್ತಿಗೆ ಶಾಲೆಯಿಂದ ಬಂದಿರುತ್ತಾರೆ, ಅವರದು ಮೊದಲು. ದರ್ಜಿ ಕಡೆಯ ನಮಾಜು ಮುಗಿಸಿಯೇ ಮನೆ ಸೇರುವುದು, ಅವನದು ಕಟ್ಟಕಡೆಗೆ. ಬ್ಯಾಂಕಿನ ಜವಾನ ಹಾಲು ಕರೆಯುವ ಹೊತ್ತಿಗೆ ತನ್ನ ದನದ ಕೊಟ್ಟಿಗೆಯಲ್ಲೇ ಸಿಗುತ್ತಾನೆ. ಇಷ್ಟು ವರ್ಷ ಒಂದೇ ಊರಲ್ಲಿದ್ದೂ ಯಾರು ಯಾವಾಗ ಮನೆಯಲ್ಲಿರುತ್ತಾರೆಂದು ಅವನು ಯೋಚಿಸಿರಲಿಲ್ಲ. ಒಂದು ಲಕೋಟೆಯವರು ಯಾವ ಹೊತ್ತಿಗೆ ಸಿಗುತ್ತಾರೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅದನ್ನು ಬೇರೆಯಾಗಿ ಎತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಆ ಓಣಿಯಲ್ಲಿ ಯಾರನ್ನಾದರೂ ಕೇಳಬೇಕು.